ನನ್ನ ಕಂಪ್ಯೂಟರಿನಿಂದ ಹೋದ ಸೀರೆಗಳು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ಮಾತ್ರ ಜನ ಏನಾಯಿತೆಂದು ಹೊರಗೆ ಬಂದು ನೋಡುತ್ತಾರೆ. ಆ ಸದ್ದಿನ ನಡುವೆಯೇ ನಾನೂ ನನ್ನ ಓರಗಿತ್ತಿಯೂ ಒಂದೇ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಸೀರೆಗೆ ಡಿಸೈನ್ ಬಿಡಿಸುತ್ತೇವೆ. ಅಂಚು, ಸೆರಗು, ಬುಟ್ಟ ಎಲ್ಲವನ್ನೂ ಪರದೆಯ ಮೇಲೆ ಚೌಕ ಚೌಕವಾಗಿ ತುಂಬಿ ಫೈಲ್ ಮಾಡಿಕೊಟ್ಟರೆ ಮಗ್ಗ ಅದನ್ನು ಓದಿಕೊಂಡು ನೇಯುತ್ತದೆ. ಈ ಕೆಲಸವನ್ನು ಮನೆಗೆ ತಂದವಳು ನಾನು. ಮೈದುನನ ಹೆಂಡತಿಯಾಗಿ ಬಂದ ಅವಳಿಗೆ ಮೌಸ್ ಹಿಡಿಯುವುದನ್ನು ಕಲಿಸಿದವಳೂ ನಾನೇ. ವರ್ಷ ತಿರುಗುವುದರೊಳಗೆ ಮಗ್ಗದ ಮಾಲೀಕರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಚಿಕ್ಕೋರು ಇದಾರೇನಮ್ಮಾ?" ಎಂದು ಕೇಳತೊಡಗಿದರು. ಕೇಳುತ್ತಿದ್ದುದು ನನ್ನನ್ನೇ.

ಹೊಟ್ಟೆ ಉರಿಯಿತು. ನಾನು ಒಂದು ಕಮಲದ ಸೆರಗಿಗೆ ವಾರಗಟ್ಟಲೆ ಕಣ್ಣು ಕೆಡಿಸಿಕೊಳ್ಳುವ ಹೊತ್ತಿಗೆ ಅವಳು ನುಗ್ಗೆ ಹೂವಿನ ಸಣ್ಣದೊಂದು ಬುಟ್ಟ ಹಾಕಿ, ಸುತ್ತ ಜಾಗ ಖಾಲಿ ಬಿಟ್ಟು, ಎದ್ದು ಹೋಗಿ ಅನ್ನಕ್ಕಿಡುತ್ತಿದ್ದಳು. ಆ ಖಾಲಿ ಜಾಗವನ್ನೇ ಜನ ಹೊಗಳುತ್ತಿದ್ದರು. ಇದು ಅವಳ ಕೈಯಿಂದ ಬರುವುದಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ಇಳಿಸಿಕೊಳ್ಳುತ್ತಾಳೆ ಎಂದು ನಾನು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಿದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಇನ್ನು ನಾನೂ ಇಳಿಸಿಕೊಳ್ಳುತ್ತೇನೆಂದು ಫೈಲ್ ಹಂಚಿಕೊಳ್ಳುವ ಪ್ರೋಗ್ರಾಂಗಳ ಹಿಂದೆ ಬಿದ್ದೆ. ಇವುಗಳಲ್ಲಿ ನಡುವೆ ಅಂಗಡಿಯವನಿಲ್ಲ; ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ಫೈಲ್ ನೇರವಾಗಿ ಹೋಗುತ್ತದೆ. ಮೊದಲು ಹಾಕಿದ್ದು ಟೊರೆಂಟ್. ಅದು ಒಂದು ಫೈಲನ್ನು ಚೂರು ಚೂರಾಗಿ ಹತ್ತಾರು ಜನರಿಂದ ತರುತ್ತದೆ, ತಂದ ಚೂರನ್ನು ಆಗಲೇ ಬೇರೆಯವರಿಗೂ ಕೊಡುತ್ತಿರುತ್ತದೆ. ವೇಗವೇನೋ ಸರಿ, ಆದರೆ ಆ ಗುಂಪಿನಲ್ಲಿರುವವರಿಗೆಲ್ಲ ನಮ್ಮ ಕಂಪ್ಯೂಟರಿನ ವಿಳಾಸ ಕಾಣುತ್ತದೆ. ಮೇಲಾಗಿ ಸೀರೆ ಡಿಸೈನ್ ಎಂದು ಹೆಸರಿದ್ದ ಫೈಲ್ ಒತ್ತಿದರೆ ಬಂದದ್ದು ವೈರಸ್. ಇನ್ನೊಂದು ಎರಡೇ ಕಂಪ್ಯೂಟರುಗಳ ನಡುವಿನದು. ಕೋಡ್ ಹೇಳಿದವರಿಗೆ ಮಾತ್ರ ಫೈಲ್ ಹೋಗುತ್ತದೆ. ನಾನು ನೋಡಿದ ಮೂರರಲ್ಲಿ ಅದೇ ಕ್ಷೇಮ, ಆದರೆ ಕೊಡುವವರೊಬ್ಬರು ಇರಬೇಕಲ್ಲ, ನನಗೆ ಯಾರೂ ಇರಲಿಲ್ಲ. ಮೂರನೆಯದು ಹಳೇ ಕಾಲದ್ದು. ನಮ್ಮ ಫೋಲ್ಡರನ್ನು ತೆರೆದಿಟ್ಟರೆ ಬೇರೆಯವರ ಫೋಲ್ಡರುಗಳೂ ನಮಗೆ ತೆರೆಯುತ್ತವೆ, ಬಾಗಿಲು ಹಾಕದ ಮನೆಗಳ ಬೀದಿಯ ಹಾಗೆ. ಹುಡುಕಿದರೆ ಅಂಚು, ಬಳ್ಳಿ, ಮಾವಿನಕಾಯಿ, ಚಿತ್ರ ಸಮೇತ ಸಾಲು ಸಾಲಾಗಿ ಬರುತ್ತಿದ್ದವು.

ಅದನ್ನು ಹಾಕಿಕೊಳ್ಳುತ್ತಿದ್ದಾಗ ಓರಗಿತ್ತಿ ಹಿಂದಿನಿಂದ ಬಂದು ನೋಡಿದಳು. "ಅಕ್ಕಾ, ಅದೊಂದು ಬ್ಯಾಡ ಕಣಕ್ಕಾ. ಯಾವ ಫೋಲ್ಡರು ಅಂತ ಸರಿಯಾಗಿ ಹೇಳ್ದೇ ಹೋದ್ರೆ ಇರೋ ಬರೋದೆಲ್ಲಾ ಊರಿಗೆ ತೋರಿಸ್ಬಿಡ್ತದೆ."

ತನ್ನ ಗುಟ್ಟು ನನಗೆ ಸಿಕ್ಕಿಬಿಡುತ್ತದೆಂದು ಹೆದರಿದ್ದಾಳೆ ಅಂದುಕೊಂಡೆ. "ನಂಗೂ ಒಂಚೂರು ಗೊತ್ತೈತೆ ಕಣಮ್ಮಾ," ಅಂದೆ. ಅವಳೆದುರಿಗೆ ಓದಿಕೊಂಡು ಯೋಚಿಸುತ್ತ ಕೂರುವುದು ಅವಮಾನವೆನಿಸಿ, ಅದು ಕೇಳಿದ್ದಕ್ಕೆಲ್ಲ ಸರಿ ಸರಿ ಎಂದು ಒತ್ತಿದೆ. ಅವಳ ಕಂಪ್ಯೂಟರ್ ಹಳೆಯದಾದ್ದರಿಂದ ಅವಳ ಡಿಸೈನುಗಳ ಪ್ರತಿಯೂ ನನ್ನದರಲ್ಲೇ ಇರುತ್ತಿತ್ತು. ಅದು ಆಗ ನೆನಪಾಗಲಿಲ್ಲ.

ದಿನಗಟ್ಟಲೆ ಹುಡುಕಿದೆ. ಸಿಕ್ಕಿದ ಅಂಚುಗಳು ನಮ್ಮ ಮಗ್ಗಕ್ಕೆ ಹೊಂದುತ್ತಿರಲಿಲ್ಲ. ಅವಳ ನುಗ್ಗೆ ಹೂವನ್ನೂ ಹುಡುಕಿದೆ, ಯಾರ ಫೋಲ್ಡರಿನಲ್ಲೂ ಅದು ಇರಲಿಲ್ಲ. ಸಿಕ್ಕಿದ್ದರೆ ಅತ್ತೆಯನ್ನು ಕರೆದು ತೋರಿಸುತ್ತಿದ್ದೆ.

ಆ ಸಲದ ಮದುವೆ ಸೀಸನ್ನಿಗೆ ಒಬ್ಬ ಮಾಲೀಕರು ನಮ್ಮಿಬ್ಬರಿಂದಲೂ ಹೊಸ ಡಿಸೈನ್ ಮಾಡಿಸಿದ್ದರು, ನನ್ನಿಂದ ಕಮಲ, ಅವಳಿಂದ ನುಗ್ಗೆ ಹೂವು. ಅವರ ಷರತ್ತು ಒಂದೇ: ಅವು ಬೇರೆ ಯಾರ ಕೈಗೂ ಹೋಗಬಾರದು, ಹೋದರೆ ನಮ್ಮ ಮನೆಗೆ ಮತ್ತೆ ಕೆಲಸವಿಲ್ಲ. ಒಂದು ಬೆಳಿಗ್ಗೆ ಅವರು ಸೀರೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಏನಮ್ಮಾ ಇದು? ನಾನಿನ್ನೂ ಮಗ್ಗಕ್ಕೇ ಏರಿಸಿಲ್ಲ, ಆಗ್ಲೇ ಚಿಕ್ಕಪೇಟೇಲಿ ಮಾರ್ತಾವ್ರೆ! ಸಂಜೆಗೆ ಬರ್ತೀನಿ, ಯಾರಿಂದ ಹೋಯ್ತು ಅಂತ ಹೇಳಿ."

ಅವಳು ಹೇಳಿದ್ದ ಫೋಲ್ಡರಿನ ಮಾತು ಆಗ ನೆನಪಾಯಿತು. ಆದರೂ ಅವರು ಮಡಿಕೆ ಬಿಚ್ಚುವಾಗ, ಅದು ನನ್ನ ಕಮಲವಾಗಿರಬಹುದೇ ಎಂಬ ಆಸೆಯೊಂದು ಸುಳಿದು ಹೋಯಿತು. ಅಲ್ಲ, ನುಗ್ಗೆ ಹೂವು.

ಅವರು ಹೋದ ಮೇಲೆ ಪ್ರೋಗ್ರಾಂ ತೆರೆದು, ನಮ್ಮಿಂದ ಹೊರಗೆ ಹೋದ ಫೈಲುಗಳನ್ನು ತೋರಿಸುವ ಕಡೆ ಒತ್ತಿದೆ. ಅವಳ ಬುಟ್ಟಗಳು, ಅವಳ ಅಂಚುಗಳು, ಒಂದೊಂದನ್ನೂ ಎಷ್ಟೋ ಜನ ತೆಗೆದುಕೊಂಡಿದ್ದರು. ಪಕ್ಕದ ಫೋಲ್ಡರಿನಲ್ಲೇ ನನ್ನವೂ ಅಷ್ಟೇ ಕಾಲ ತೆರೆದೇ ಬಿದ್ದಿದ್ದವು. ಬಂದವರು ಎರಡನ್ನೂ ನೋಡಿದ್ದಾರೆ, ನೋಡಿ ಆರಿಸಿಕೊಂಡಿದ್ದಾರೆ.

ಅವಳನ್ನು ಕರೆದು ತೋರಿಸಿದೆ. ಅವಳ ಮುಖ ಸಪ್ಪಗಾಯಿತು. ತನ್ನ ಫೈಲುಗಳ ಹೆಸರನ್ನು ಒಂದೊಂದಾಗಿ ಬೆರಳಿಟ್ಟು ಓದಿಕೊಂಡಳು.

"ಬೈಯ್ಯೇ," ಅಂದೆ.

"ಬೈದ್ರೆ ವಾಪಸ್ ಬರ್ತದಾ ಅಕ್ಕಾ?"

ಸಂಜೆ ಮಾಲೀಕರಿಗೆ ನಡೆದದ್ದನ್ನು ನಾನೇ ಹೇಳಿದೆ. ಅವರು ಬಾಯಿಗೆ ಬಂದಂತೆ ಬೈದರು. ಕಾಫಿ ಕೊಟ್ಟ ಮೇಲೆ ಸ್ವಲ್ಪ ತಣ್ಣಗಾದರು. "ಹೊಸಾದು ಒಂದು ಹಾಕ್ಕೊಡಿ, ಈ ಸಲ ಬಿಟ್ಟಿದೀನಿ. ಆದ್ರೆ ಚಿಕ್ಕೋರೇ ಹಾಕ್ಬೇಕು," ಅಂದು ಎದ್ದರು. ನನ್ನ ಕಮಲದ ಮಾತು ಯಾರೂ ಎತ್ತಲಿಲ್ಲ.

ನನ್ನ ಮುಖ ನೋಡಿ ಅವಳಿಗೆ ಪಾಪ ಅನಿಸಿರಬೇಕು. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡಿ ಅಕ್ಕಾ. ಸದ್ಯ, ನಿಮ್ದು ಒಂದೂ ಹೋಗಿಲ್ವಲ್ಲ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಅಡುಗೆಮನೆಗೆ ಹೋದ ಮೇಲೆ ಆ ಪ್ರೋಗ್ರಾಂ ಅಳಿಸಲು ಕೂತೆ. ಅಳಿಸುವ ಮೊದಲು ಹೊರಗೆ ಹೋದ ಫೈಲುಗಳ ಪಟ್ಟಿಯನ್ನು ಇನ್ನೊಂದು ಸಲ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದೆ, ಯಾರಾದರೂ ಒಬ್ಬರು ತಪ್ಪಿಯಾದರೂ ನನ್ನದೊಂದನ್ನು ತೆಗೆದುಕೊಂಡಿದ್ದಾರೋ ಎಂದು.