ಹೀಟರ್ ಬ್ಯಾಡ ಅಂದರು

ಗೆಳೆಯರೇ, ಇವತ್ತು ನಗಬಾರದ ಕಡೆ ನಕ್ಕುಬಿಟ್ಟೆ.

ನಮ್ಮ ಹಳೆಯ ಟೆಂಪೋ ಟ್ರಾವೆಲರ್ ಒಳಗೆ ಹಾಸಿಗೆ, ಒಲೆ ಎಲ್ಲ ಕೂಡಿಸಿ ನಮ್ಮವರು ಅದನ್ನು ಓಡಾಡುವ ಮನೆ ಮಾಡಿದ್ದಾರೆ. ಹಿಮಾಚಲಕ್ಕೆ ಹೋಗಿ, ಹಿಮ ಬೀಳುವಾಗ ಅದರೊಳಗೆ ಮಲಗಬೇಕೆಂಬುದು ಅವರ ಬಹುದಿನದ ಆಸೆ. ಆದರೆ ಗಾಡಿಯೊಳಗೆ ಬಿಸಿಗಾಳಿ ಬಿಡುವ ಹೀಟರಿನ ಕೋರ್, ಅಂದರೆ ಬಿಸಿನೀರು ಹರಿಯುವ ಭಾಗ, ಸೋರಿ, ಎಂಜಿನ್ನಿನ ಬಿಸಿನೀರು ನನ್ನ ಕಾಲ ಬಳಿ ತೊಟ್ಟಿಕ್ಕುತ್ತಿತ್ತು. ಹೈದರಾಬಾದಿನಿಂದ ಹೊಸ ಕೋರ್ ತರಿಸಿ, ಬೆಳಿಗ್ಗೆ ಶಹಾಬಾದಿನ ಗ್ಯಾರೇಜಿಗೆ ಹೋದೆವು.

ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿದ ಮೇಲೆ ಮೆಕ್ಯಾನಿಕ್ ಕೇಳಿದ: “ಸರ್, ನಮ್ಮ ಕಡಿ ಹೀಟರ್ ಯಾಕ್ರಿ? ಕಿಡಕಿ ತೆಗೀರಿ, ಪುಕ್ಕಟ ಬಿಸಿಗಾಳಿ ಬರ್ತದ.”

ನಾನೂ ನಗುತ್ತ ಸೇರಿಸಿದೆ: “ಹೇಳ್ರಿ ಇವರಿಗಿ. ಸಂಕ್ರಾಂತಿ ಚಳ್ಯಾಗೂ ಫ್ಯಾನ್ ಹಚ್ಚಿ ಮಲಗೋರು, ಹಿಮದಾಗ ಮಲಗ್ತಾರಂತ!”

ಗ್ಯಾರೇಜಿನವರೆಲ್ಲ ನಕ್ಕರು. ನಮ್ಮವರೂ ನಕ್ಕರು. ಆಮೇಲೆ ಹೊಸ ಕೋರನ್ನು ಮತ್ತೆ ಡಬ್ಬಿಗೆ ಹಾಕಿ, “ಬಿಸಿನೀರಿನ ಪೈಪ್ ಬಂದ್ ಮಾಡಿಬಿಡ್ರಿ, ಹೀಟರ್ ಬ್ಯಾಡ” ಎಂದರು.

ಆಗಲಾದರೂ ತಡೆಯಬಹುದಿತ್ತು. ಯಾಕೆ ತಡೆಯಲಿಲ್ಲ? ಅವರೂ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆನೋ, ಅಷ್ಟು ದೂರ ಹೋಗುವ ಮನಸ್ಸು ನನಗೇ ಇರಲಿಲ್ಲವೋ, ಈಗಲೂ ಗೊತ್ತಾಗುತ್ತಿಲ್ಲ.

ವಾಪಸು ಬರುವಾಗ, ಚಿತ್ತಾಪುರ ದಾಟಿದ ಮೇಲೆ ತಡೆಯಲಾಗದೆ ಹೇಳಿದೆ: “ಗಾಡಿ ತಿರುಗಿಸ್ರಿ, ಹಾಕಿಸ್ಕೊಂಡೇ ಬರೋಣ.”

“ಇರ್ಲಿ ಬಿಡು,” ಎಂದರು, ಸಿಟ್ಟೇನೂ ಇಲ್ಲದೆ. “ಚಳಿ ಇಲ್ಲದ ಊರಿಗಿ ಹೋಗೋಣ.”

ನಮ್ಮ ಸೇಡಂ ಬಂತು. ಮದುವೆಯಾದಾಗಿನಿಂದ ನಾವು ಇರುವುದೂ ಅಂಥದೇ ಊರಿನಲ್ಲಿ.