ಪುಟ್ಟಬಸವಯ್ಯ ಮೇಷ್ಟರ ನೆಟ್ಟನೆಯ ಐ

ನಂಜನಗೂಡಿನಲ್ಲಿ ದೇವರೊಬ್ಬನಿಗೆ ಬಾಗಿದರೆ ಸಾಲದು. ಅಮಲ್ದಾರರಿಗೆ ಬಾಗಬೇಕು, ಅವರ ಗುಮಾಸ್ತರಿಗೆ ಬಾಗಬೇಕು, ಗುಮಾಸ್ತರ ಭಾವಮೈದುನನಿಗೂ ಬಾಗಬೇಕು. ಈ ವಿದ್ಯೆಯಲ್ಲಿ ಪೇಟೆಬೀದಿ ಶಾಲೆಯ ಇಂಗ್ಲಿಷ್ ಮೇಷ್ಟರು ಪುಟ್ಟಬಸವಯ್ಯನವರನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ. ದೂರದಲ್ಲಿ ಜಟಕಾ ಗಾಡಿ ಕಂಡರೆ ಸಾಕು, ಅವರ ಹೆಗಲ ಮೇಲಿನ ವಸ್ತ್ರ ಕಂಕುಳಿಗೆ ಇಳಿಯುತ್ತಿತ್ತು. ಗಾಡಿಯಲ್ಲಿ ಯಾರಿದ್ದಾರೆಂದು ನೋಡುವುದು ಆಮೇಲಿನ ಮಾತು.

ಆಗ ಅವರದು ಹಂಗಾಮಿ ಕೆಲಸ. ಮದುವೆಯೇನೋ ಆಗಿತ್ತು, ಆದರೆ ಹದಿನಾರು ಎಂಬ ಊರಿನ ಮಾವ ರಾಚಯ್ಯ ಮಗಳು ಗುರುಬಸಮ್ಮನನ್ನು ಕಳಿಸಿರಲಿಲ್ಲ. "ಕೆಲ್ಸ ಕಾಯಂ ಆಗ್ಲಿ ಅಳೀಮಯ್ಯ, ಆಮ್ಯಾಕೆ ಕಳುಸ್ತೀನಿ. ಇವತ್ತಿದ್ದದ್ದು ನಾಳೆ ಓದ್ರೆ ನನ್ ಮಗ್ಳು ಏನ್ ಉಣ್ಬೇಕು?" ಎಂದುಬಿಟ್ಟಿದ್ದ. ಮೇಷ್ಟರು ತಾವೇ ಒಲೆ ಊದಿ ಬೇಯಿಸಿಕೊಂಡು ಉಂಡು, ಸಂಜೆ ಕಪಿಲೆಯ ಮೆಟ್ಟಿಲ ಮೇಲೆ ಕೂತು ಹದಿನಾರಿನ ದಿಕ್ಕನ್ನೇ ನೋಡುತ್ತಿದ್ದರು. ನೋಡಿದವರಿಗೆ ಪಾಪ ಅನ್ನಿಸುತ್ತಿತ್ತು.

ತರಗತಿಯೊಳಗೆ ಕಾಲಿಟ್ಟರೆ ಮಾತ್ರ ಮನುಷ್ಯನೇ ಬೇರೆ. ಯಾವನಾದರೂ 'ಮೀ ಗೋ ಹೋಮ್' ಎಂದರೆ ಅವರ ಮೈಯೆಲ್ಲ ಉರಿಯುತ್ತಿತ್ತು. "ಹೊಡೆಯೋನು ಐ ಕಣ್ರೋ, ಏಟು ತಿನ್ನೋನು ಮೀ! ಬದಲಾಯಿಸಿದ್ರೆ ಏಟು ನಿಮಗೇ!" ಎನ್ನುತ್ತಿದ್ದರು. ಬರೆಯುವಾಗ 'ಯೂ', 'ಹೀ', 'ಮೀ' ಎಲ್ಲವೂ ವಾಕ್ಯದ ಮೊದಲಿಗೆ ಬಂದರೆ ಮಾತ್ರ ದೊಡ್ಡಕ್ಷರ. 'ಐ' ಎಲ್ಲಿ ಬಂದರೂ ದೊಡ್ಡಕ್ಷರವೇ. ಇದು ಮಕ್ಕಳ ತಲೆಗೆ ಹತ್ತಲೆಂದು ಮೇಷ್ಟರು ಒಂದು ಉಪಾಯ ಹೂಡಿದರು. 'ಐ' ಎಂದು ಕಿವಿಗೆ ಬಿದ್ದರೆ ಇಡೀ ತರಗತಿ ಎದ್ದು ಕಂಬದಂತೆ ನೆಟ್ಟಗೆ ನಿಲ್ಲಬೇಕು, 'ಮೀ' ಎಂದರೆ ಕೂರಬೇಕು. ಐಗೆ ಬೆನ್ನು ಬಗ್ಗಿಸಿದವನಿಗೆ ಬೆತ್ತ.

"ಐ ಅಂದ್ರೆ ನಾನು. ನಾನು ಅನ್ನೋವಾಗ ದೇವೇಂದ್ರ ಎದುರಿಗಿದ್ರೂ ಬಗ್ಗಬಾರದು!" ಎಂದು ಗುಡುಗುತ್ತಿದ್ದರು. ಕಿಟಕಿಯಾಚೆ ಗುಮಾಸ್ತರು ಹೋಗುತ್ತಿದ್ದರೆ ಅದನ್ನೇ ಮೆಲ್ಲಗೆ ಹೇಳುತ್ತಿದ್ದರು.

ಒಂದು ದಿನ ಶಾಲೆಯ ತನಿಖೆಗೆಂದು ಮೈಸೂರಿನ ರೈಲಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದಿಳಿದರು. ಅವರು ಮೆಚ್ಚಿದರೆ ಕೆಲಸ ಕಾಯಂ, ಗುರುಬಸಮ್ಮ ಮನೆಗೆ. ಮುನಿದರೆ ಎರಡೂ ಇಲ್ಲ. ಜರಿಪೇಟದ ಸಾಹೇಬರು ಕುರ್ಚಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಭಾಷಣ ತೆಗೆದರು. ಮೊದಲ ಮಾತೇ 'ಐ'. ತರಗತಿ ದಡಕ್ಕನೆ ಎದ್ದಿತು. ನಡುವೆ 'ಮೀ' ಎಂದರು, ಕೂತಿತು. ಮತ್ತೆ 'ಐ', ಮತ್ತೆ ಎದ್ದಿತು. ಕೆಟ್ಟೆನಲ್ಲ ಎಂದು ಮೇಷ್ಟರಿಗೆ ಬೆವರು ಕಿತ್ತುಕೊಂಡಿತು. ಸಾಹೇಬರೋ, ಇದೆಲ್ಲ ತಮಗೆ ಸಲ್ಲುತ್ತಿರುವ ಮರ್ಯಾದೆ ಎಂದುಕೊಂಡರು. ಆಮೇಲೆ ಕೇಳಬೇಕೆ? ಅವರ ಬಾಯಲ್ಲಿ ಐ ಬಿಟ್ಟು ಬೇರೆ ಮಾತೇ ಬರಲಿಲ್ಲ. ಮಕ್ಕಳಿಗೆ ಕೂರುವ ಯೋಗವೇ ಇರಲಿಲ್ಲ.

ಕೊನೆಗೆ ಸಾಹೇಬರು, ಈ ಶಿಸ್ತನ್ನು ಕಲಿಸಿದವರು ಯಾರು ಎಂದು ಇಂಗ್ಲಿಷಿನಲ್ಲೇ ಕೇಳಿದರು.

ಮಕ್ಕಳೆಲ್ಲ ಮೇಷ್ಟರತ್ತ ತಿರುಗಿದರು. ಉತ್ತರ ಒಂದೇ ಅಕ್ಷರ, ಅದನ್ನು ಹೇಗೆ ನಿಂತು ಹೇಳಬೇಕೆಂದು ಅಲ್ಲಿದ್ದ ಚಿಕ್ಕ ಮಗುವಿಗೂ ಗೊತ್ತಿತ್ತು. ಮೇಷ್ಟರ ವಸ್ತ್ರ ಕಂಕುಳಿಗೆ ಇಳಿಯಿತು. ಬೆನ್ನು ಬಾಗಿತು, ಇನ್ನೂ ಬಾಗಿತು, ಹಣೆ ಸಾಹೇಬರ ಮೊಣಕಾಲಿಗೆ ತಾಗುವಷ್ಟು ಬಾಗಿತು. ಅಲ್ಲಿಂದ "ಐ, ಸಾರ್" ಎಂಬ ಸಣ್ಣ ದನಿ ಹೊರಟಿತು.

ಕೆಲಸ ಕಾಯಂ ಆಯಿತು. ರಾಚಯ್ಯ ಎತ್ತಿನ ಗಾಡಿಯಲ್ಲಿ ಮಗಳನ್ನೂ ಒಂದು ಮೂಟೆ ರಾಗಿಯನ್ನೂ ತಂದು ಇಳಿಸಿದ. ಮೇಷ್ಟರನ್ನು ಆಡಿಕೊಂಡು ನಕ್ಕವರಲ್ಲಿ ನಾನೂ ಒಬ್ಬ. ಆದರೆ ಗುರುಬಸಮ್ಮ ಹೊಸ್ತಿಲು ದಾಟಿದಾಗ ಮೇಷ್ಟರ ಮುಖ ನೋಡಿ ನನಗೂ ಕಣ್ಣು ತುಂಬಿತು.

ಮರುದಿನ ಮೇಷ್ಟರು ಹೊಸ ಪಂಚೆಯುಟ್ಟು ತರಗತಿಗೆ ಹೋಗಿ, ಬೆತ್ತ ಎತ್ತಿ, "ಐ!" ಎಂದರು.

ತರಗತಿ ಒಟ್ಟಿಗೆ ಎದ್ದಿತು. ಎದ್ದು, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ನಿಂತಿತು. ಯಾವ ಮುಖದಲ್ಲೂ ಕೀಟಲೆ ಇರಲಿಲ್ಲ. ಗುರುಗಳು ತೋರಿಸಿಕೊಟ್ಟಂತೆಯೇ ಮಾಡಿದ್ದರು.

ಎತ್ತಿದ ಬೆತ್ತ ಎತ್ತಿದಂತೆಯೇ ಇತ್ತು. ಕೊನೆಗೆ ಅದನ್ನು ಕೆಳಗಿಟ್ಟು ಮೇಷ್ಟರು ಮೆಲ್ಲಗೆ "ಮೀ" ಎಂದರು. ಮಕ್ಕಳು ಕೂತರು. ಮೇಷ್ಟರೂ ಕೂತರು.