ಅಕ್ಕ ಕಟ್ಟಿದ ಕೆಂಪು ದಾರ

ಹೋದ ವಾರ ವಿದ್ಯಾರ್ಥಿನಿಯೊಬ್ಬಳು ಒಂದು ಕಪ್ಪು ಯುಎಸ್‌ಬಿ ಕೇಬಲ್ಲನ್ನು ನನ್ನ ಮೇಜಿನ ಮೇಲಿಟ್ಟು, "ಸರ, ಬೋರ್ಡಿನ ಲೈಟ್ ಹತ್ತತದ, ಆದ್ರ ಲ್ಯಾಪ್‌ಟಾಪಿಗೆ ಕಾಣವಲ್ದು" ಎಂದಳು. ಕೇಬಲ್ ಕೈಗೆತ್ತಿಕೊಂಡೆ. ತೆಳ್ಳಗೆ, ಹಗುರವಾಗಿತ್ತು. ಒಳಗೆ ಎರಡೇ ತಂತಿಗಳಿವೆ ಎಂದು ಬೆರಳಿಗೇ ಗೊತ್ತಾಯಿತು... ಹೀಗೆ ಮುಟ್ಟಿ ತಿಳಿಯುವುದನ್ನು ನನಗೆ ಕಲಿಸಿದವರು ನಮ್ಮ ಲ್ಯಾಬಿನ ಅಕ್ಕ. ಅವರ ವಿಷಯವನ್ನು ನಾನು ಇಷ್ಟು ವರ್ಷ ತರಗತಿಯಲ್ಲಿ ಒಮ್ಮೆಯೂ ಹೇಳಿಲ್ಲ.

ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ನಾನು ಉಪನ್ಯಾಸಕ. ಅಕ್ಕ ಅಲ್ಲಿ ಅಟೆಂಡರ್ ಆಗಿದ್ದರು. ಅವರ ಊರು ದೇವದುರ್ಗದ ಕಡೆಯ ಅರಕೇರಾ. ಓದಿದ್ದು ಹತ್ತನೆಯ ತರಗತಿ. ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು, ಕಸ ಗುಡಿಸಿ, ಕಂಪ್ಯೂಟರುಗಳ ಧೂಳು ಒರೆಸಿದರೆ ಅವರ ಕೆಲಸ ಮುಗಿಯಬೇಕು. ಆದರೆ ಅವರು ಹೋಗುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಸ್ಟೂಲ್ ಹಾಕಿಕೊಂಡು, ನಾನು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಇಂಗ್ಲಿಷ್ ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲಿಯೇ. ಹುಡುಗರು ನಗುತ್ತಿದ್ದರು. ನಾನೂ ಒಮ್ಮೊಮ್ಮೆ...

ಆ ವರ್ಷ ಕಾಲೇಜಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಲಿನಕ್ಸ್ ಬೋರ್ಡುಗಳು ಬಂದವು. ಒಂದೊಂದೂ ಪೂರ್ತಿ ಕಂಪ್ಯೂಟರೇ. ಆದರೆ ಪರದೆ ಇಲ್ಲ, ಕೀಲಿಮಣೆ ಇಲ್ಲ, ನೆಟ್‌ವರ್ಕ್ ಕೇಬಲ್ ಚುಚ್ಚಲು ಜಾಗವೂ ಇಲ್ಲ. ಇದ್ದದ್ದು ಯುಎಸ್‌ಬಿ ಕಿಂಡಿ. ಆ ಒಂದೇ ಕಿಂಡಿಯಿಂದ ಕರೆಂಟನ್ನೂ ಕೊಟ್ಟು, ಲ್ಯಾಪ್‌ಟಾಪಿನೊಂದಿಗೆ ನೆಟ್‌ವರ್ಕನ್ನೂ ಜೋಡಿಸಬಹುದು. ಅದಕ್ಕೆ ಮೆಮೊರಿ ಕಾರ್ಡಿನಲ್ಲಿರುವ ಎರಡು ಫೈಲುಗಳನ್ನು ತಿದ್ದಬೇಕು ಎಂದು ಓದಿದ್ದೆ. ತಿದ್ದಿದೆ. ಬೋರ್ಡ್ ಏಳಲೇ ಇಲ್ಲ. ಹತ್ತು ದಿನ ಒದ್ದಾಡಿದೆ.

ಒಂದು ಮಧ್ಯಾಹ್ನ ಅಕ್ಕ ಹಿಂದಿನಿಂದ ಬಗ್ಗಿ ಪರದೆ ನೋಡಿ, "ಸರ, ಮದಲ ಈ ಫೈಲಿನ್ಯಾಗ ಒಂದ ಸಾಲು ಇತ್ತಲ್ರಿ. ನೀವು ನಡುವ ಎಂಟರ್ ಹೊಡೆದು ಎರಡು ಮಾಡೀರಿ" ಎಂದರು. ನಿಜವೇ ಆಗಿತ್ತು. ಸಾಲು ಕೂಡಿಸಿದೆ, ಬೋರ್ಡ್ ಎದ್ದಿತು. ಆದರೂ ಲ್ಯಾಪ್‌ಟಾಪಿಗೆ ಕಾಣಲಿಲ್ಲ. ಮರುದಿನ ಅಕ್ಕ ಹಳೆಯ ಕೇಬಲ್ಲುಗಳೆರಡನ್ನು ಬ್ಲೇಡಿನಿಂದ ಸೀಳಿ ತಂದರು. ಒಂದರಲ್ಲಿ ನಾಲ್ಕು ತಂತಿ, ಇನ್ನೊಂದರಲ್ಲಿ ಎರಡೇ. ಎರಡು ತಂತಿಯದು ಬರೀ ಕರೆಂಟ್ ಒಯ್ಯುತ್ತದೆ, ಮಾಹಿತಿ ಒಯ್ಯುವುದಿಲ್ಲ. ಆ ದಿನವೇ ಅವರು ದಪ್ಪ, ತೂಕ ಬೆರಳಲ್ಲೇ ನೋಡುವುದನ್ನು ನನಗೂ ತೋರಿಸಿ, ನಾಲ್ಕು ತಂತಿಯ ಕೇಬಲ್ಲುಗಳನ್ನು ಆರಿಸಿ, ಪ್ರತಿಯೊಂದಕ್ಕೂ ಕೆಂಪು ದಾರ ಕಟ್ಟಿ ಬೇರೆ ಇಟ್ಟರು.

ಉಳಿದದ್ದು ವಿಳಾಸ. ಲ್ಯಾಪ್‌ಟಾಪಿಗೊಂದು, ಬೋರ್ಡಿಗೊಂದು ಅಂಕಿಯ ವಿಳಾಸ ಕೊಡಬೇಕು. ಅದು ಹುಡುಗರ ತಲೆಗೆ ಹೋಗುತ್ತಿರಲಿಲ್ಲ. ಅಕ್ಕ ಒಬ್ಬ ಹುಡುಗನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಓಣಿ ಒಂದ ಇರಬೇಕಪ್ಪ, ಮನಿ ನಂಬರ್ ಬ್ಯಾರೆ ಇರಬೇಕು. ಓಣಿ ಬ್ಯಾರೆ ಆದ್ರ ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ."

ಮುಂದಿನ ತಿಂಗಳು ಪ್ರಾಂಶುಪಾಲರು ಅತಿಥಿಗಳೊಂದಿಗೆ ತರಗತಿಗೆ ಬಂದಾಗ ನಾನು ಆ ಓಣಿಯ ಮಾತನ್ನೇ ಹೇಳಿದೆ, ನನ್ನದೇ ಎನ್ನುವಂತೆ. ಎಲ್ಲರೂ ಮೆಚ್ಚಿದರು. ಅಕ್ಕ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಅವರ ಮುಖದಲ್ಲಿ ನಗು ಇತ್ತು. ತಮ್ಮ ಮಾತು ಅಷ್ಟು ಜನರಿಗೆ ಹಿಡಿಸಿತಲ್ಲ ಎಂಬ ಸಂತೋಷ ಇರಬೇಕು. ಆ ನಗು ನೋಡಿಯಾದರೂ ನಾನು ಬಾಯಿ ಬಿಡಬಹುದಿತ್ತು...

ಆಮೇಲೆ ದೇವದುರ್ಗದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇದನ್ನು ತೋರಿಸುವುದೆಂದಾಯಿತು. ಇಂಟರ್ನೆಟ್ ಸರಿಯಾಗಿ ಬಾರದ ಶಾಲೆಗಳಿಗೆ ಬೋರ್ಡಿನಲ್ಲಿ ಪಾಠಗಳನ್ನು ತುಂಬಿ ಕೊಡುವ ಯೋಜನೆ. ಒಬ್ಬ ಅಧಿಕಾರಿ ಬಂದು ನೋಡಿ ಒಪ್ಪಬೇಕಿತ್ತು. ಪೆಟ್ಟಿಗೆ ಜೋಡಿಸಿದವರು ಅಕ್ಕ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಗಬ್ಬೂರಿನಲ್ಲಿ ಅವರು ನೀರು ಕುಡಿಯಲು ಇಳಿದಾಗ ನನ್ನ ಫೋನಿನ ಚಾರ್ಜ್ ತಳ ಮುಟ್ಟಿತ್ತು. ನನ್ನ ಕೇಬಲ್ ಸಡಿಲವಾಗಿ ಬಿಟ್ಟು ಬಿಟ್ಟು ಚಾರ್ಜ್ ಆಗುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಕೇಬಲ್ ತೆಗೆದು ಕಾರಿನ ಚಾರ್ಜರಿಗೆ ಸಿಕ್ಕಿಸಿ, ನನ್ನದನ್ನು ಪೆಟ್ಟಿಗೆಗೆ ಹಾಕಿದೆ. ಇಳಿಯುವಾಗ ಬದಲಿಸಿದರಾಯಿತು ಎಂದುಕೊಂಡೆ, ಮರೆತೆ.

ಶಾಲೆಯಲ್ಲಿ ಬೋರ್ಡಿನ ಲೈಟ್ ಹತ್ತಿತು, ಅಷ್ಟೇ. ಲ್ಯಾಪ್‌ಟಾಪ್ ಏನೂ ಕಾಣದೆ ಕೂತಿತು. ಅರ್ಧ ಗಂಟೆ ಬೆವರಿದೆ. ಅಕ್ಕ ಹತ್ತಿರ ಬಂದು ಮೆಲ್ಲಗೆ, "ಸರ, ಕೇಬಲ್ ನೋಡ್ರಿ. ದಾರ ಇಲ್ಲ ಇದಕ್ಕ" ಎಂದರು.

"ನೀ ಸುಮ್ನಿರು" ಎಂದೆ. ಅಲ್ಲಿಯವರೆಗೆ ಅವರನ್ನು ಏಕವಚನದಲ್ಲಿ ಕರೆದವನಲ್ಲ. ಅಧಿಕಾರಿ ಎದ್ದು ನಿಂತಾಗ ಅವರ ಕಡೆ ತಿರುಗಿ, "ನಮ್ಮ ಅಟೆಂಡರ್ ಪ್ಯಾಕ್ ಮಾಡಿದ್ದರಿ, ಏನೋ ಅದಲು ಬದಲು ಮಾಡ್ಯಾಳ" ಎಂದೂ ಸೇರಿಸಿದೆ. ನಲವತ್ತು ಹುಡುಗಿಯರು ಅಕ್ಕನನ್ನು ನೋಡಿದರು.

ಅಧಿಕಾರಿ ಹೊರಟುಹೋದ ಮೇಲೆ ಕಾರಿನ ಬಾಗಿಲು ತೆಗೆದರೆ ಮುಂದೆಯೇ ಕೇಬಲ್ ಜೋತಾಡುತ್ತಿತ್ತು, ಕೆಂಪು ದಾರದ ಸಮೇತ. ಕಿತ್ತು ಜೇಬಿಗೆ ಹಾಕಿಕೊಂಡೆ. ಅಕ್ಕ ಆಗಲೇ ಹಿಂದೆ ಕೂತಿದ್ದರು, ನೋಡಿದ್ದರು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

ಮರುದಿನ ಪ್ರಾಂಶುಪಾಲರು ವರದಿ ಬರೆದುಕೊಡು ಎಂದರು. 'ಸಿಬ್ಬಂದಿಯ ಅಜಾಗರೂಕತೆ' ಎಂದು ಬರೆದು ಸಹಿ ಮಾಡಿದೆ. ವಾರದೊಳಗೆ ಅಕ್ಕನನ್ನು ಅದೇ ಸಂಸ್ಥೆಯ ಮಾನ್ವಿಯ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಹಾಕಿದರು. ಹೋಗುವ ದಿನ ಲ್ಯಾಬಿಗೆ ಬಂದು ಬೀಗದ ಕೈ ಮೇಜಿನ ಮೇಲಿಟ್ಟು, "ಮೂರನೇ ಕಂಪ್ಯೂಟರಿನ ಫ್ಯಾನ್ ಸಪ್ಪಳ ಮಾಡಾಕತ್ತದ್ರಿ ಸರ, ನೋಡ್ಕೋರಿ" ಎಂದರು. ಅಷ್ಟೇ. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಹೋದ ವಾರ ಆ ವಿದ್ಯಾರ್ಥಿನಿ ಬಂದುಹೋದ ಮರುದಿನ ಮಾನ್ವಿಗೆ ಹೋದೆ. ಹಾಸ್ಟೆಲಿನ ಹಿಂದೆ ವಯಸ್ಸಾದ ಅಡುಗೆಯಾಕೆ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಅಕ್ಕನನ್ನು ಕೇಳಿದೆ.

"ಆಕಿ ಹೋಗಿ ಎರಡು ವರ್ಷ ಆತಲ್ರಿ. ಜ್ವರ ಅಂತ ದವಾಖಾನಿಗೆ ಹೋದಾಕಿ ತಿರುಗಿ ಬರ್ಲಿಲ್ಲ." ಮೊರ ನಿಲ್ಲಿಸಿ ನನ್ನನ್ನು ನೋಡಿದರು. "ನೀವು ರಾಯಚೂರಿನ ಲ್ಯಾಬಿನ ಸರ ಏನ್ರಿ? ಐತವಾರ ಹುಡುಗ್ಯಾರನ್ನ ಕೂಡಿಸಿಕೊಂಡು ಕಂಪ್ಯೂಟರ್ ಹೇಳಿಕೊಡ್ತಿದ್ಳು. ಎಲ್ಲಿ ಕಲ್ತಿ ಅಂದ್ರ, ನಮ್ಮ ಸರ ಕಲಿಸ್ಯಾರ ಅಂತಿದ್ಳು."

ಕಟ್ಟೆಯ ಮೇಲೆ ಕೂತೆ. "ಇಲ್ಲ ಯವ್ವಾ, ಅವರ ನನಗ ಕಲಿಸಿದ್ದು" ಎಂದೆ. ಗಬ್ಬೂರಿನಿಂದ ಹಿಡಿದು ವರದಿಯವರೆಗೆ ಎಲ್ಲವನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿದರು. ಬೈಯಲಿಲ್ಲ.

"ಆಕಿ ಇದ್ದಾಗ ಬಂದು ಹೇಳಬೇಕಿತ್ರಿ ಇದನ್ನ" ಎಂದು ಮತ್ತೆ ಮೊರ ಕೈಗೆತ್ತಿಕೊಂಡರು.

ಹೇಳಬೇಕಿತ್ತು. ರಾಯಚೂರಿನಿಂದ ಮಾನ್ವಿಗೆ ಗಂಟೆಯ ದಾರಿ, ನನ್ನದೇ ಕಾರಿತ್ತು. ಅಕ್ಕ ಅಲ್ಲಿ ಬದುಕಿದ್ದ ಅಷ್ಟೂ ವರ್ಷ ನಾನು ಅದನ್ನು ಒಮ್ಮೆಯೂ ಆ ದಾರಿಗೆ ತಿರುಗಿಸಲಿಲ್ಲ...